ಮಂಗಳಮ್ಮನ ಮುದ್ದೆಕೋಲು

ಮದ್ದೂರು ಸಂತೆಯಲ್ಲಿ ರಾಗಿಮುದ್ದೆ ತಿರುವುವ ಮುದ್ದೆಕೋಲು ಮಾರುವ ಮಜೀದನಿಗೆ ಅನುಮಾನದ ಕಾಯಿಲೆ ಅಂಟಿದ್ದು, ಎದುರಿಗೇ ಶಶಿಧರ ಅಂಗಡಿ ಹೂಡಿದ ಮೇಲೆ. ಶಶಿಧರನದು ಮಿಷನ್ ಕೋಲು, ಅರವತ್ತು ರೂಪಾಯಿ. ಮಜೀದನದು ಹುಣಸೆಮರದ ಗಟ್ಟಿ ತಿರುಳು, ಚೇಗನ್ನು ಕೈಯಾರೆ ಕೆತ್ತಿದ್ದು, ಇನ್ನೂರು. ಜನ ಇಲ್ಲಿ ಮುಟ್ಟಿ ನೋಡಿ ಅಲ್ಲಿ ಕೊಳ್ಳುತ್ತಿದ್ದರು. ಮಜೀದನ ಕೋಲು ಮೊಮ್ಮಕ್ಕಳ ಕಾಲಕ್ಕೂ ಸೀಳಲ್ಲ ಎಂಬ ಒಂದು ಮಾತಿನ ಮೇಲೆ ಅವನ ಮನೆಯ ಒಲೆ ಉರಿಯುತ್ತಿತ್ತು.

ಇಂಥದರಲ್ಲಿ ಶಿವಪುರದ ಮಂಗಳಮ್ಮ ಪ್ರತಿ ಸಂತೆಗೂ ಬರುವಳು. ಕೋಲನ್ನು ಮೂಸುವಳು, ಉಗುರಲ್ಲಿ ಕೆರೆಯುವಳು, ಬೆಲೆ ಕೇಳಿ ಇಟ್ಟು ನೆಟ್ಟಗೆ ಶಶಿಧರನ ಅಂಗಡಿಗೆ ಹೋಗುವಳು. ಅಲ್ಲೂ ಕೊಳ್ಳಳು. ಕೊಳ್ಳದವಳಿಗೆ ಬೆಲೆಯ ಉಸಾಬರಿ ಯಾಕೆ? ಇವಳು ಅವನು ಬಿಟ್ಟಿರುವ ಗೂಢಚಾರಿಣಿಯೇ ಸೈ.

ಮುಳ್ಳನ್ನು ಮುಳ್ಳಿಂದಲೇ ತೆಗೆಯಬೇಕು ಅಂದುಕೊಂಡ ಮಜೀದ. ಹಳೆಯ ಪ್ಯಾಕಿಂಗ್ ಪೆಟ್ಟಿಗೆಯ ಮರ ಕೆತ್ತಿ, ಟೀ ಡಿಕಾಕ್ಷನ್ ಬಳಿದು, ಎಣ್ಣೆ ತಿಕ್ಕಿ ಹುಣಸೆಯ ಬಣ್ಣ ಬರಿಸಿದ. ಇದು ಮಂಗಳಮ್ಮನಿಂದ ಶಶಿಧರನ ಕೈ ಸೇರಲಿ, ಮಜೀದನ ಗುಟ್ಟು ಇದೇ ಅಂತ ಇಂಥದೇ ಮಾಡಿಸಿ ಮಾರಲಿ, ಅವು ಸೀಳಿದಾಗ ಮಣ್ಣು ಮುಕ್ಕಲಿ!

"ಯಾರಾದ್ರೂ ಇದ್ರಲ್ಲಿ ಮುದ್ದೆ ತಿರುವಿದ್ರೆ?" ಎಂದಳು ಹೆಂಡತಿ ಜೈನಾಬ್ ಬೀ.

"ಅವಳೆಲ್ಲಿ ತಿರುವ್ತಾಳೆ, ಬುಡು."

ಮುಂದಿನ ಸಂತೆಯಲ್ಲಿ ಮಂಗಳಮ್ಮನನ್ನು ತಾನೇ ಕರೆದು, ಆ ಕೋಲು ಚಾಚಿ ಹೇಳಿದ: "ನಿಂಗಂತ ನೂರಕ್ಕೆ ಕೊಡ್ತೀನಿ ಕಣಮ್ಮ."

ಅವಳು ಈ ಸಲ ಮೂಸಲಿಲ್ಲ, ಕೆರೆಯಲಿಲ್ಲ. ಕೋಲನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕಿಟ್ಟಳು. ಏನು ನಾಟಕ ಅಂದುಕೊಂಡ ಮಜೀದ.

ಆಮೇಲೆ ಅವಳ ಸುಳಿವಿಲ್ಲ. ಶಶಿಧರನ ಅಂಗಡಿಯನ್ನೇ ಕಾದು ಕೂತರೂ ಅಂಥ ಕೋಲು ಅಲ್ಲಿ ಕಾಣಲಿಲ್ಲ. ಕೊನೆಗೊಂದು ಸಂತೆ ದಿನ ಮಂಗಳಮ್ಮನೇ ಬಂದು ಸೀಳಿದ ಕೋಲನ್ನು ಅವನ ಮುಂದಿಟ್ಟಳು.

"ಮಗಳು ನಯನ ಬ್ಯಾರೆ ಒಲೆ ಹೂಡೋಳಿದ್ಲು ಮಜೀದಣ್ಣ. ತೌರಿನ ಕೋಲಲ್ಲೇ ಮೊದ್ಲು ಮುದ್ದೆ ತಿರುವ್ಬೇಕಲ್ವಾ? ಎದುರಂಗ್ಡೀದು ಮನಸ್ಸಿಗೆ ಒಪ್ಲಿಲ್ಲ, ನಿಮ್ದೇ ಬೆಲೆ ಇಳಿದೀತಾ ಅಂತ ವಾರವಾರ ಬತ್ತಿದ್ದೆ. ಮೊದಲ್ನೇ ಮುದ್ದೇಲೇ ಸೀಳ್ತು. ಮುದ್ದೆ ಯಾರು ಅಗೀತಾರೆ? ಅಳಿಯ ಸಿಬ್ರು ಸಮೇತ ನುಂಗ್ಬುಟ್ಟ. ಆಸ್ಪತ್ರೇಲಿ ಗಂಟಲಿಂದ ತೆಗೆಸಿದ್ವಿ."

ಮಜೀದ ತಲೆ ತಗ್ಗಿಸಿಕೊಂಡೇ ಇದ್ದುದರಲ್ಲಿ ಒಳ್ಳೆಯ ಹುಣಸೆ ಕೋಲು ಆರಿಸಿ ಚಾಚಿದ. "ದುಡ್ಡು ಬ್ಯಾಡ, ತಗೊಳ್ಳಮ್ಮ."

ಅವಳು ಮುಟ್ಟಲಿಲ್ಲ. "ಅವನ್ದು ಕಳಪೆ ಅಂತ ಗೊತ್ತಿದ್ದೇ ತಗೋತೀನಿ ಕಣಣ್ಣ. ನಿಮ್ದನ್ನ ಹೆಂಗೆ ನಂಬಾದು?" ಎಂದವಳೇ ಎದುರಂಗಡಿಗೆ ನಡೆದಳು.

ಮಜೀದನ ಮುಂದೆ ಕೋಲು ಹಿಡಿದು ನಿಂತಿದ್ದ ಇನ್ನೊಬ್ಬ ಗಿರಾಕಿ ಅದನ್ನು ಮೂಸಿದ, ಉಗುರಲ್ಲಿ ಕೆರೆದ, ಮೆಲ್ಲಗೆ ಕೆಳಗಿಟ್ಟ.