ಅಕ್ಕನ ಕಪಾಟು

ಇಡೀ ಕಚೇರಿಯ ಇಮೇಲುಗಳಿಗೆ ಇದ್ದ ಒಂದೇ ಸರ್ವರ್ ಕಂಠಮಟ್ಟ ತುಂಬಿ, ಹೊಸ ಮೇಲುಗಳು ಬಾಗಿಲಿಂದಲೇ ವಾಪಸಾಗತೊಡಗಿದ್ದವು. ಸರ್ವರ್ ನೋಡಿಕೊಳ್ಳುವವನು ಮೇಜಿನಿಂದ ಮೇಜಿಗೆ ಹೋಗಿ, "ನಿಮ್ಮ ಇಮೇಲ್ ಕಸದಬುಟ್ಟಿ ಖಾಲಿ ಮಾಡ್ಲಾ?" ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ.

ಅಲ್ಲಿ ಕಟ್ಟಡಗಳ ನಕ್ಷೆ ಬರೆಯುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹೆಂಗಸಿಗೆ ರೇಗಿಹೋಯಿತು. "ಕಸ ಚೆಲ್ಲೋಕೂ ಅಪ್ಪಣೆ ಬೇಕೇನಪ್ಪಾ? ಕೂತಲ್ಲಿಂದಲೇ ಎಲ್ರದ್ದೂ ಒಂದೇ ಏಟಿಗೆ ಅಳಿಸ್ಬಾರ್ದಾ?"

"ಅಳಿಸ್ಬಹುದು. ಆದ್ರೂ ಒಂದ್ಸಲ ನೋಡ್ಬಿಡಿ ಅಕ್ಕಾ," ಎಂದು ಅವನು ಅವಳ ಬುಟ್ಟಿಯನ್ನು ತೆರೆದ. ಒಳಗೆ ಆಸ್ಪತ್ರೆಯ ಮೆಟ್ಟಿಲು, ಶಾಲೆಯ ಚಾವಣಿ, ಯಾರದೋ ಮನೆಯ ಅಡುಗೆಕೋಣೆ, ಹೀಗೆ ವರ್ಷಗಟ್ಟಲೆ ಬರೆದು ಮೇಲ್ ಮಾಡಿದ ನಕ್ಷೆಗಳು.

ಅಕ್ಕ ತಟ್ಟನೆ ಮೌಸ್ ಮೇಲಿದ್ದ ಅವನ ಕೈ ತಡೆದಳು. ಜಾಗವಿಲ್ಲವೆಂಬ ಎಚ್ಚರಿಕೆ ಬಂದಾಗಲೆಲ್ಲ ಅವಳು ಡಿಲೀಟ್ ಒತ್ತಿ ಅವನ್ನು ಬುಟ್ಟಿಗೆ ತಳ್ಳುತ್ತಿದ್ದಳು. ಬೇಕಾದಾಗ ಆ ಬುಟ್ಟಿಗೇ ಕೈಹಾಕಿ ತೆಗೆಯುತ್ತಿದ್ದಳು. ಹಾಗೆ ಮಾಡೀ ಮಾಡೀ, ಅದು ಕಸದಬುಟ್ಟಿ ಎಂಬುದೇ ಮರೆತುಹೋಗಿತ್ತು.

"ಇದು ಕಸ ಅಲ್ಲ ಕಣಪ್ಪಾ, ನನ್ನ ಕಪಾಟು," ಎಂದಳು ಮೆಲ್ಲಗೆ.

ಅವನು ನಗಲಿಲ್ಲ. ಪಕ್ಕದಲ್ಲೇ ಕೂತು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಇಳಿಸಿ, ತೆರೆದು ತೋರಿಸಿ, "ಈಗ ಖಾಲಿ ಮಾಡ್ಲಾ?" ಎಂದು ಮತ್ತೆ ಕೇಳಿದ.

ಅದೇ ಪ್ರಶ್ನೆ. ಈ ಸಲ ಅಕ್ಕನಿಗೆ ರೇಗಲಿಲ್ಲ.

"ಮಾಡು ತಮ್ಮಾ," ಎಂದಳು. "ಬೇಕಾದ್ರೆ ಇನ್ನೊಂದ್ಸಲ ಕೇಳು."