ಹಳದಿ ಬೊಟ್ಟು

"ಕೇಳಿಸ್ತಾ, ಡ್ರೈವರಮ್ಮಾ?" ಎಂದರು ಮೇಷ್ಟ್ರು.

ಕೇಳಿಸದೆ ಏನು? ಮರದ ಮಿಲ್ಲಿನ ಮೂಲೆಯಲ್ಲಿ ವ್ಯಾನು ಎಡಕ್ಕೆ ಹೊರಳಿದಾಗ ಅವಳ ಕಾಲಡಿಯಲ್ಲೆಲ್ಲೋ 'ಟಕ್' ಎಂದಿತ್ತು. ಜೋರು ಸದ್ದೇನಲ್ಲ. ಒಳಗೆ ಯಾರಾದರೂ ಇದ್ದಾರೋ ಎಂದು ಬಾಗಿಲನ್ನು ಒಂದೇ ಬೆರಳಿನಿಂದ ತಟ್ಟಿ ನೋಡಿದ ಹಾಗೆ. ಬಲಕ್ಕೆ ತಿರುಗಿದರೆ ಇಲ್ಲ, ನೆಟ್ಟಗೆ ಹೋದರೆ ಇಲ್ಲ. ಎಡಕ್ಕೆ ತಿರುಗಿದಾಗ ಮಾತ್ರ, ಒಂದೇ ಒಂದು ಸಲ.

"ಹೊಸ ಸಾಮಾನು ಹಾಕಿದ್ದಾರಲ್ಲ ಮೇಷ್ಟ್ರೇ, ಹೊಂದಿಕೊಳ್ಳೋ ತನಕ ಹಾಗೇ."

"ಹೊಂದಿಕೊಳ್ಳೋದಾದ್ರೆ ದಿನ ಹೋದ ಹಾಗೆ ಸುಮ್ಮನಾಗಬೇಕಲ್ಲ? ಸೋಮವಾರ ಎರಡು ಸಲ ಬಂತು, ಬುಧವಾರ ನಾಲ್ಕು. ಇವತ್ತು ಆಸ್ಪತ್ರೆ ಇನ್ನೂ ಕಣ್ಣಿಗೆ ಬಿದ್ದಿಲ್ಲ, ಆಗಲೇ ಐದು." ಮೂವತ್ತು ವರ್ಷ ಗಣಿತ ಕಲಿಸಿದ ಮನುಷ್ಯ. ಎರಡೂ ಕಿಡ್ನಿ ಕೈಕೊಟ್ಟರೂ ಎಣಿಸುವ ಚಟ ಮಾತ್ರ ಬಿಟ್ಟಿರಲಿಲ್ಲ.

ಹಿಂದಿನ ಸೀಟುಗಳಲ್ಲಿ ಇನ್ನೂ ನಾಲ್ವರಿದ್ದರು. ವಾರಕ್ಕೆ ಮೂರು ದಿನ ಈ ಐವರನ್ನೂ ಮನೆಬಾಗಿಲಿನಿಂದ ಹತ್ತಿಸಿಕೊಂಡು ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ಮುಟ್ಟಿಸುವುದು, ನಾಲ್ಕು ಗಂಟೆ ಕಾದು ಮತ್ತೆ ಮನೆಗೆ ಬಿಡುವುದು ಅವಳ ಕೆಲಸ. ಒಂಬತ್ತು ವರ್ಷದಿಂದ ಮಾಡುತ್ತಿದ್ದಾಳೆ. ಯಾರಿಗೆ ಯಾವ ಕಾಲು ಮೊದಲು ಇಡಬೇಕು, ಯಾರಿಗೆ ಕಿಟಕಿ ತೆರೆದಿರಬೇಕು, ವಾಪಸು ಬರುವಾಗ ಯಾರನ್ನು ಮಾತಾಡಿಸಬಾರದು ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಸೀಟಿನ ಹಿಂದೆ ತೂಗುಹಾಕಿದ್ದ ಬಟ್ಟೆಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ಪಾಪ, ಯಾರೋ ಏನೋ," ಎಂದಳು ಹಿಂದಿನಿಂದ ಟೈಲರಕ್ಕ. "ಎತ್ತಿ ಕೊಡ್ಲಾ?"

"ಬೇಡಕ್ಕ. ಸ್ಟೀರಿಂಗ್ ಹಿಡಿದು ಫೋನ್ ಎತ್ತೋನು ಡ್ರೈವರೇ ಅಲ್ಲ. ಐದು ಜೀವ ಇದೆ ಕೈಯಲ್ಲಿ."

"ನಿಮ್ಮದು ಸೇರಿ ಆರು," ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಫೋನು ತಾನೇ ಬೇಸತ್ತು ಸುಮ್ಮನಾಯಿತು. ಆಸ್ಪತ್ರೆಯ ಗೇಟಿನೊಳಗೆ ಎಡಕ್ಕೆ ತಿರುಗುವಾಗ ಮತ್ತೆ 'ಟಕ್' ಎಂದಿತು. ಮೇಷ್ಟ್ರು ಇನ್ನೊಂದು ಬೆರಳು ಮಡಚಿದರು.

ಇಪ್ಪತ್ತು ದಿನದ ಹಿಂದೆ ಅವಳು ಖಾಲಿ ವ್ಯಾನಿನಲ್ಲಿ ಕೆಂಪು ದೀಪಕ್ಕೆ ನಿಂತಿದ್ದಾಗ ಸಿಮೆಂಟಿನ ಲಾರಿಯೊಂದು ಎಡಗಡೆಯಿಂದ ಬಂದು ಮುಂದಿನ ಚಕ್ರಕ್ಕೆ ಗುದ್ದಿತ್ತು. ಅವಳಿಗೆ ಒಂದು ಗೀರೂ ಆಗಲಿಲ್ಲ. ವ್ಯಾನು ಮಾತ್ರ ಕಾಲು ಉಳುಕಿದ ದನದ ಹಾಗೆ ಒಂದು ಕಡೆ ಕುಸಿದು ನಿಂತಿತು. ಎಳೆಸಿಕೊಂಡು ಹೋಗಿ ಅಣ್ಣನ ಗ್ಯಾರೇಜಿಗೆ ಬಿಟ್ಟಳು. ಬೇರೆ ಎಲ್ಲಿಗೆ ಬಿಡುತ್ತಾಳೆ? ಅಪ್ಪ ಕಟ್ಟಿದ ಗ್ಯಾರೇಜು. ಅಣ್ಣ ಅದರೊಳಗೇ ಮುದುಕನಾಗಿದ್ದ, ಅವಳು ಅದರೊಳಗೇ ಗಾಡಿ ಕಲಿತಿದ್ದಳು.

ವ್ಯಾನು ಇಲ್ಲದ ಆ ಹತ್ತು ದಿನ ಐವರೂ ಪಟ್ಟ ಪಾಡು ಹೇಳತೀರದು. ಬಾಡಿಗೆ ಕಾರು ಬಾರದೆ ಟೈಲರಕ್ಕನಿಗೆ ಒಂದು ಸರದಿ ತಪ್ಪಿತು. ಮಾರನೆಯ ದಿನ ಮುಖ ಊದಿ, ಉಸಿರಿಗೆ ಒದ್ದಾಡಿ, ಎರಡು ರಾತ್ರಿ ಆಸ್ಪತ್ರೆಯ ಮಂಚದಲ್ಲೇ ಕಳೆದಳು. ಅದನ್ನು ಕಣ್ಣಾರೆ ಕಂಡ ಮೇಲೆ ಇವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ದಿನಕ್ಕೆ ನಾಲ್ಕು ಸಲ ಅಣ್ಣನಿಗೆ ಫೋನು. "ಅಣ್ಣಾ, ಆಯ್ತಾ? ಎಲ್ಲಿಗೆ ಬಂತು? ನಾಳೆ ಸಿಗುತ್ತಾ?" ಅಣ್ಣ ಒಂದು ದಿನವೂ ಸಿಡುಕಲಿಲ್ಲ. "ಆಯ್ತು ಪುಟ್ಟಿ, ಆಗ್ತಾ ಬಂತು," ಎನ್ನುತ್ತಿದ್ದ. ನಲವತ್ತೆಂಟಾದರೂ ಅವನಿಗೆ ಇವಳು ಪುಟ್ಟಿಯೇ.

ಕೊನೆಗೆ ವ್ಯಾನು ಸಿಕ್ಕಿದ್ದು ಅರೆಬರೆಯಾಗಿ. ಮಡ್‌ಗಾರ್ಡಿಗೆ ಬಣ್ಣ ಬಿದ್ದಿರಲಿಲ್ಲ, ಬೂದು ಬಳಿದುಕೊಂಡು ನಿಂತಿತ್ತು. ಎಡಗಡೆಯ ದೀಪಕ್ಕೆ ಗಾಜಿರಲಿಲ್ಲ. ಬಾಗಿಲಿನ ಹಿಡಿಕೆಯನ್ನು ತಂತಿಯಲ್ಲಿ ಕಟ್ಟಿದ್ದ. "ಇವೆಲ್ಲ ಅಂದಚೆಂದ, ಆಮೇಲೆ ನೋಡ್ಕೊಳ್ಳೋಣ. ಓಡೋದಕ್ಕೆ ಬೇಕಾದ್ದೆಲ್ಲ ಮುಗಿದಿದೆ," ಎಂದಿದ್ದ ಅಣ್ಣ. ಅವಳು ಬಗ್ಗಿ ಚಕ್ರದ ಹಿಂದೆ ಒಮ್ಮೆ ಇಣುಕಿದ್ದಳು. ಪ್ರತಿ ನಟ್ಟಿನ ಮೇಲೂ ಹಳದಿ ಬೊಟ್ಟು ಇತ್ತು. ಅಷ್ಟು ಸಾಕಾಗಿತ್ತು ಅವಳಿಗೆ.

ಆ ಬೊಟ್ಟು ಅಪ್ಪನ ಕಾಲದ್ದು. ನಟ್ಟನ್ನು ಕೊನೆಯ ಸಲ ಬಿಗಿ ಮಾಡಿ, ಸ್ಪ್ಯಾನರು ಕೆಳಗಿಟ್ಟು, ಸಣ್ಣ ಬ್ರಷ್ಷಿನಿಂದ ಅದರ ನೆತ್ತಿಗೆ ಒಂದು ಹಳದಿ ಬೊಟ್ಟು ಇಡಬೇಕು. ಬೊಟ್ಟು ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಇಲ್ಲ. ಊಟಕ್ಕೆ ಎದ್ದು ಹೋದರೂ, ಯಾರಾದರೂ ಮಾತಿಗೆ ಎಳೆದರೂ, ಬಂದು ಬೊಟ್ಟು ನೋಡಿದರೆ ಕೆಲಸ ಎಲ್ಲಿ ನಿಂತಿತ್ತು ಎಂಬುದು ಗೊತ್ತಾಗುತ್ತಿತ್ತು. ಸುತ್ತಲಿನ ಡ್ರೈವರುಗಳೆಲ್ಲ ಬೊಟ್ಟು ನೋಡಿಯೇ ಗಾಡಿ ಹತ್ತುತ್ತಿದ್ದರು, ಅಪ್ಪ ಹೋದ ಮೇಲೂ.

ಐವರನ್ನೂ ಯಂತ್ರಗಳ ಪಕ್ಕ ಮಲಗಿಸಿ ಬಂದವಳು ಎಂದಿನಂತೆ ಮರದ ನೆರಳಿನ ಬೆಂಚಿಗೆ ಹೋಗಲಿಲ್ಲ. ಮೇಷ್ಟ್ರು ಮಡಚಿದ ಬೆರಳು ಕಣ್ಣಿಗೆ ಕಟ್ಟಿತ್ತು. ಚೀಲದಿಂದ ಫೋನು ತೆಗೆದಳು. ಬಂದಿದ್ದ ಕರೆ ಅಣ್ಣನದು. ಬೆಳಿಗ್ಗೆ ಏಳೂವರೆಗೆ ಇವಳೇ ಮಾಡಿ ಸದ್ದಿನ ವಿಷಯ ಹೇಳಿದ್ದಳು. "ಕೆಲಸದಲ್ಲಿದೀನಿ ಪುಟ್ಟಿ, ಆಮೇಲೆ ಬಾ," ಎಂದಷ್ಟೇ ಹೇಳಿ ಇಟ್ಟಿದ್ದ. ಅದಕ್ಕೇ ಮತ್ತೆ ಮಾಡಿರಬೇಕು ಎಂದುಕೊಂಡು, ಫೋನಿನ ಟಾರ್ಚು ಹಚ್ಚಿ, ಹಳೇ ಗೋಣಿ ಹಾಸಿ, ಎಡಚಕ್ರದ ಹಿಂದಕ್ಕೆ ತಲೆ ತೂರಿಸಿದಳು.

ಚಕ್ರವನ್ನು ಗಾಡಿಯ ಮೈಗೆ ಹಿಡಿದಿಡುವ ಕಬ್ಬಿಣದ ತೋಳು ಹೊಸದಾಗಿ ಹೊಳೆಯುತ್ತಿತ್ತು. ಅದರ ತುದಿಯಲ್ಲಿ ಮೂರು ನಟ್ಟು. ಮೂರರ ಮೇಲೂ ಹಳದಿ ಬೊಟ್ಟು, ಅಳತೆ ಹಿಡಿದು ಇಟ್ಟ ಹಾಗೆ ದುಂಡಗೆ. ಉಸಿರು ಬಿಟ್ಟಳು. ಸುಮ್ಮನೆ ಎದ್ದುಬಿಡಬಹುದಿತ್ತು. ಎದ್ದೂ ಎದ್ದಳು ಅರ್ಧ. ಆಮೇಲೆ ಏನನ್ನಿಸಿತೋ, ಕೈ ಚಾಚಿ ಮೊದಲನೆಯದನ್ನು ಬೆರಳಿನಿಂದ ಒತ್ತಿ ನೋಡಿದಳು. ಬಂಡೆ. ಎರಡನೆಯದನ್ನು ಹಿಡಿದಳು.

ತಿರುಗಿತು.

ಸ್ಪ್ಯಾನರಿಲ್ಲ, ಏನಿಲ್ಲ. ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿದ ಹಾಗೆ, ಎರಡೇ ಬೆರಳಿಗೆ. ಮೂರನೆಯದೂ ತಿರುಗಿತು. ಅದು ಇನ್ನೆರಡು ಸುತ್ತು ತಿರುಗಿಸಿದರೆ ಕೈಗೇ ಬಂದುಬಿಡುತ್ತಿತ್ತು. ಮರದ ಮಿಲ್ಲಿನ ಮೂಲೆ, ಮೇಲ್ಸೇತುವೆಯ ತಿರುವು, ಹಿಂದೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡ ನಾಲ್ಕು ಮುಖ. ಮೂರು ವಾರವಲ್ಲ, ಮೂರು ದಿನವಲ್ಲ, ಇದು ಇವತ್ತೇ ಕಳಚಬಹುದಾಗಿತ್ತು. ಗೋಣಿಯ ಮೇಲೇ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಸೀಟಿನಡಿಯ ಸ್ಪ್ಯಾನರು ತಂದು, ತನ್ನ ಕೈಲಾದಷ್ಟು ಎರಡನ್ನೂ ಬಿಗಿ ಮಾಡಿ, ನಡಿಗೆಯ ವೇಗದಲ್ಲಿ ಗ್ಯಾರೇಜಿನ ಕಡೆ ಹೊರಟಳು. ದಾರಿಯಲ್ಲಿ ಎಡತಿರುವು ಮೂರು. ಸದ್ದು ಬರಲಿಲ್ಲ.

ಅಣ್ಣ ಗ್ಯಾರೇಜಿನಲ್ಲಿ ಒಬ್ಬನೇ ಇದ್ದ, ಬೆಂಚಿನ ಮುಂದೆ ಸ್ಟೂಲು ಹಾಕಿ ಕೂತಿದ್ದ. ಅವಳನ್ನು ಕಂಡು ಮುಖವರಳಿಸಿದ. "ಬಂದ್ಯಾ? ನೀನು ಗಾಡಿ ತರಬೇಡ, ನಾನೇ ಆಸ್ಪತ್ರೆ ಹತ್ರ ಬಂದು ನೋಡ್ತೀನಿ ಅಂತ ಹೇಳೋಣ ಅಂತ ಫೋನ್ ಮಾಡಿದ್ದೆ. ನೀನು ಎತ್ತಲೇ ಇಲ್ಲ."

"ಓಡಿಸ್ತಿದ್ದೆ. ಮತ್ತೆ ಯಾಕೆ ಮಾಡ್ಲಿಲ್ಲ?"

"ಬಸ್ಸಿನವರು ಬಂದ್ರು. ಮರೆತೆ."

"ಅಣ್ಣಾ, ಕೆಳಗಿನ ತೋಳಿನ ಎರಡು ನಟ್ಟು ಬಿಗಿಯಾಗೇ ಇಲ್ಲ."

"ಛೇ, ಇರಕ್ಕಿಲ್ಲ ಬಿಡು. ಬೊಟ್ಟು ಇದೆಯೇನು ನೋಡು."

"ಬೊಟ್ಟು ಇದೆ ಅಣ್ಣ. ಬಿಗಿ ಇಲ್ಲ."

ಅವನು ತಕರಾರು ಮಾಡಿದ್ದರೆ, ಬೈದಿದ್ದರೆ, ನೀನೇನು ಮೇಸ್ತ್ರಿಯಾ ಎಂದು ರೇಗಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಬೆಂಚಿನ ಕಡೆ ನೋಡಿದ. ಅವಳೂ ನೋಡಿದಳು. ಅಲ್ಲಿ ಹಳೆಯ ತಗಡಿನ ತಟ್ಟೆಯೊಂದಿತ್ತು. ಅದರ ತುಂಬ ಹೊಸ ನಟ್ಟುಗಳು, ಸಾಲಾಗಿ ಜೋಡಿಸಿದ್ದವು, ನಲವತ್ತೋ ಐವತ್ತೋ. ಇನ್ನೂ ಯಾವ ಗಾಡಿಗೂ ಏರದ ಆ ನಟ್ಟುಗಳಲ್ಲಿ ಪ್ರತಿಯೊಂದರ ಮೇಲೂ ಹಳದಿ ಬೊಟ್ಟು ಇತ್ತು.

ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ಏನಣ್ಣ ಇದು? ಮೊದಲೇ ಇಡ್ತೀಯಾ?"

"ಕೈ ನೋಡು." ಬಲಗೈಯನ್ನು ಅವಳ ಮುಂದೆ ಹಿಡಿದ. ಅದು ತನ್ನಷ್ಟಕ್ಕೆ ತಾನು ನಡುಗುತ್ತಿತ್ತು. "ಬೆಳಿಗ್ಗೆ ನೆಟ್ಟಗಿರುತ್ತೆ. ನಾಲ್ಕು ನಟ್ಟು ಬಿಗಿ ಮಾಡಿದ್ನೋ, ಆಮೇಲೆ ಬ್ರಷ್ ನಿಲ್ಲಲ್ಲ. ಸೊಟ್ಟಗೆ ಬಳಿದುಬಿಡುತ್ತೆ. ಒಬ್ಬ ಗಿರಾಕಿ ಕೇಳೇಬಿಟ್ಟ, ಏನು ಯಜಮಾನ್ರೇ, ಕುಡಿದು ಇಟ್ರಾ ಬೊಟ್ಟು ಅಂತ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿಲ್ಲ ನಾನು. ಅವತ್ತಿಂದ ಬೆಳಿಗ್ಗೆನೇ ಎಲ್ಲ ಇಟ್ಟು ಒಣಗಿಸಿ ಬಿಡ್ತೀನಿ."

"ಎಷ್ಟು ದಿನದಿಂದ?"

"ಈ ಬೇಸಿಗೆಯಿಂದ."

"ಮತ್ತೆ ಬಿಗಿ ಮಾಡಿದ್ದು ಹೇಗೆ ಗೊತ್ತಾಗುತ್ತೆ ನಿಂಗೆ?"

"ನೆನಪಿರುತ್ತಲ್ಲ," ಎಂದ. ಎಂದವನೇ ಕಣ್ಣು ತಗ್ಗಿಸಿದ. "ನಿನ್ನ ಗಾಡೀದು ಮೊದಲನೇದು ಬಿಗಿ ಮಾಡಿದ್ದು ನೆನಪಿದೆ. ಆಗ ನಿನ್ನ ಫೋನ್ ಬಂತು. ಟೈಲರಕ್ಕಂಗೆ ಉಸಿರಾಡಕ್ಕೆ ಆಗ್ತಿಲ್ಲ ಅಣ್ಣ, ಬೇಗ ಮಾಡು ಅಂತ ಅಳ್ತಿದ್ದೆ. ಇಟ್ಟು ಬಂದು ನೋಡಿದೆ. ಮೂರಕ್ಕೂ ಬೊಟ್ಟು ಇತ್ತು. ಚಕ್ರ ಹಾಕಿದೆ."

ಅವಳು ಕಂಬಕ್ಕೆ ಒರಗಿಕೊಂಡಳು. ಅಣ್ಣನ ಮೇಲೆ ಬಂದ ಸಿಟ್ಟು ದಾರಿ ತಪ್ಪಿ ತನ್ನ ಕಡೆಗೇ ತಿರುಗಿತು. ದಿನಕ್ಕೆ ನಾಲ್ಕು ಸಲ. ಐವರ ಜೀವ ಉಳಿಸುತ್ತಿದ್ದೇನೆ ಎಂದುಕೊಂಡೇ ಮಾಡಿದ ಫೋನುಗಳು.

"ಇರು, ಈಗಲೇ ಎಲ್ಲ ಬಿಚ್ಚಿ ಕಟ್ಟಿಬಿಡ್ತೀನಿ," ಎಂದು ಅಣ್ಣ ಎದ್ದ. ದೊಡ್ಡ ಸ್ಪ್ಯಾನರು ತೆಗೆದುಕೊಂಡು, ಜಾಕು ಏರಿಸಿ, ಮಂಡಿಯೂರಿ, ಅಂಗಾತ ಮಲಗಿ ವ್ಯಾನಿನ ಕೆಳಗೆ ಸರಿದ. ಅರವತ್ತೆರಡರ ಮೈ ನೆಲಕ್ಕೆ ತಾಗುವಾಗ ಅವನ ಬಾಯಿಂದ ಸಣ್ಣಗೆ ನರಳಿಕೆ ಬಂತು. ಸ್ಪ್ಯಾನರಿನ ಸದ್ದು ಶುರುವಾಯಿತು. ಒಂದೊಂದು ನಟ್ಟಿಗೂ ಅವನು ಎಣಿಸುತ್ತಿದ್ದ, ಅವಳಿಗೆ ಕೇಳಲೆಂದೇ ಜೋರಾಗಿ. "ಇದು ಒಂದು, ಪುಟ್ಟಿ. ಇದು ಎರಡು."

ಅವಳು ಗೋಡೆಗಡಿಯಾರ ನೋಡಿದಳು. ಹತ್ತೂಕಾಲು. ಮೇಷ್ಟ್ರು ಏಳುವುದಕ್ಕೆ ಇನ್ನೂ ಎರಡೂಮುಕ್ಕಾಲು ಗಂಟೆಯಿತ್ತು. ಕಣ್ಣು ಅಲ್ಲಿಂದ ಅಂಗಳದ ಆ ತುದಿಗೆ ಹೋಯಿತು. ವ್ಯಾನು ಒಯ್ಯಲು ಬಂದ ದಿನ ಅಲ್ಲಿ ಒಂದು ಕೆಂಪು ಪ್ರವಾಸದ ಬಸ್ಸು, ಮುಂದಿನ ಎರಡೂ ಚಕ್ರ ಕಳಚಿಕೊಂಡು, ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅದೂ ಎಲ್ಲೋ ಗುದ್ದಿಸಿಕೊಂಡು ಬಂದದ್ದೇ. ಈಗ ದಿಮ್ಮಿಗಳಿದ್ದವು, ನೆಲದ ಮೇಲೆ ಎಣ್ಣೆಯ ಕಲೆಯಿತ್ತು.

"ಅಣ್ಣಾ, ಆ ಬಸ್ಸು?"

"ಹೋಯ್ತಲ್ಲ ಬೆಳಿಗ್ಗೆ, ಒಂಬತ್ತಕ್ಕೆ. ಅವರೇ ಬಂದಿದ್ದು ಅಂದೆನಲ್ಲ. ಕಾರ್ಖಾನೆ ಹೆಂಗಸರನ್ನ ಸಮುದ್ರ ನೋಡಕ್ಕೆ ಕರ್ಕೊಂಡು ಹೋಗ್ತಾರಂತೆ. ಬೆಟ್ಟ ಇಳಿದು."

"ಅದರ ಕೆಲಸ ಯಾವಾಗ ಮುಗಿಸಿದೆ?"

ಸ್ಪ್ಯಾನರು ನಿಂತಿತು.

"ಬೆಳಿಗ್ಗೆ," ಎಂದಿತು ಕೆಳಗಿನ ದನಿ. "ನೀನು ಫೋನ್ ಮಾಡಿದಾಗ ಅದರ ಕೆಳಗೇ ಇದ್ದೆ."

"ಎಷ್ಟು ಬಿಗಿ ಮಾಡಿದ್ದೆ ಆಗ? ಅಣ್ಣಾ? ನೆನಪು ಮಾಡ್ಕೋ."

ಅವಳು ಉತ್ತರಕ್ಕೆ ಕಾಯದೆ ಬಾಗಿಲ ಕಡೆ ಓಡಿದಳು. ಗಿರಾಕಿಗಳ ಫೋನ್ ನಂಬರನ್ನು ಅಣ್ಣ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಗಾಡಿ ಹೋದ ದಿನವೇ ಒರೆಸಬೇಕು ಎಂಬುದೂ ಅಪ್ಪನ ನಿಯಮ. ಇವತ್ತಿನದನ್ನು ಒರೆಸಲು ಮರೆತಿದ್ದ. 'ಕೆಂಪು ಬಸ್ಸು, ಡ್ರೈವರ್' ಎಂದಿತ್ತು, ಕೆಳಗೆ ಹತ್ತು ಅಂಕಿ. ಬರೆಯುವಾಗಲೂ ಕೈ ನಡುಗಿತ್ತು. ಕೊನೆಯ ಅಂಕಿ ಒಂದೋ ಏಳೋ ಎಂದು ತಿಳಿಯದೆ, ಒಂದು ಒತ್ತಿದಳು. ಆ ನಂಬರು ಬಳಕೆಯಲ್ಲಿಲ್ಲ ಎಂದು ಹೆಣ್ಣುದನಿಯೊಂದು ಹೇಳಿತು. ಏಳು ಒತ್ತಿದಳು.

ರಿಂಗಾಯಿತು. ಒಂಬತ್ತಕ್ಕೆ ಹೊರಟ ಬಸ್ಸು ಇಷ್ಟು ಹೊತ್ತಿಗೆ ಬೆಟ್ಟದ ನೆತ್ತಿಗೆ ಬಂದಿರಬೇಕು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. ಆ ಡ್ರೈವರನನ್ನು ಅವಳು ಒಮ್ಮೆ ಇಲ್ಲೇ ನೋಡಿದ್ದಳು. ನರೆತ ಮೀಸೆಯ ಸಾವಧಾನದ ಮನುಷ್ಯ. ಚಕ್ರ ಹಾಕುವ ಮೊದಲು ಬಗ್ಗಿ ನೋಡಿ, "ಬೊಟ್ಟು ಇದೆ, ಇನ್ನೇನು ಬೇಕು," ಎನ್ನುವಂಥವನು. ಬಸ್ಸು ಓಡಿಸುವಾಗ ಫೋನು ಎತ್ತುವ ಪೈಕಿ ಅಲ್ಲ.

"ಎತ್ತಿದ್ನಾ, ಪುಟ್ಟಿ?"

ಅವಳು ಫೋನಿನ ಸದ್ದನ್ನು ದೊಡ್ಡದು ಮಾಡಿ ಬೆಂಚಿನ ಮೇಲೆ, ತಟ್ಟೆಯ ಪಕ್ಕ ಇಟ್ಟಳು. ಖಾಲಿ ಗ್ಯಾರೇಜಿನಲ್ಲಿ ರಿಂಗು ಕೇಳುತ್ತಲೇ ಇತ್ತು. ವ್ಯಾನಿನ ಕೆಳಗಿನಿಂದ ಅಣ್ಣನ ಎರಡು ಪಾದಗಳು ಮಾತ್ರ ಹೊರಗೆ ಕಾಣುತ್ತಿದ್ದವು, ಅಲುಗಾಡದೆ.