ಅಖ್ತರಬೇಗಂಳ ಸೆರಗಿನ ಗಂಟು

ಅಖ್ತರಬೇಗಂ ಎದುರಿಗೆ ಬಂದರೆ ಮುಖಕ್ಕಿಂತ ಮೊದಲು ಅವಳ ಸೆರಗು ಕಣ್ಣಿಗೆ ಬೀಳುತ್ತದೆ. ಅದರ ಅಂಚಿನ ತುಂಬ ಗಂಟುಗಳು. ಏನನ್ನಾದರೂ ಮರೆಯಬಾರದೆಂದರೆ ಸೆರಗಿಗೊಂದು ಗಂಟು ಹಾಕಿಕೊಳ್ಳುವುದು ನಮ್ಮ ಸಿಂದಗಿಯ ಕಡೆಯ ಹೆಂಗಸರಿಗೆಲ್ಲ ರೂಢಿ. ಆದರೆ ಸೆರಗೆಲ್ಲ ಗಂಟಾದವಳಿಗೆ ಯಾವುದು ಹಾಲಿನದು, ಯಾವುದು ಔಷಧಿಯದು ಎಂದು ಹೇಗೆ ತಿಳಿಯಬೇಕು? ನಡುಬೀದಿಯಲ್ಲಿ ನಿಂತು, ಗಂಟನ್ನು ಬೆರಳಲ್ಲಿ ಹೊಸೆಯುತ್ತ, ಇದು ಯಾತರದ್ದಿತ್ತು ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ. ನೋಡಿದವರು ನಗುತ್ತಾರೆ. ಆ ನಗು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾವಿಬ್ಬರೂ ಮೋರಟಗಿಯ ಒಂದೇ ಓಣಿಯಲ್ಲಿ ಬೆಳೆದ ಗೆಳತಿಯರು. ಅವಳ ನಡಿಗೆ ಅರ್ಧ ಓಟ. ಒಂದು ಮಾತು ಮುಗಿಯುವ ಮೊದಲೇ ನಾಲಿಗೆ ಇನ್ನೊಂದಕ್ಕೆ ಹಾರಿರುತ್ತದೆ. ತಂದೆಯಿಲ್ಲದ ಆ ಮನೆಯಲ್ಲಿ ಯಜಮಾನಿಕೆ ಚಿಕ್ಕಪ್ಪನದು, ಅವಳ ಕಾಕಾ ಮೋದಿನಸಾಬರದು. ಹಾಲು ಉಕ್ಕಿಸಿದಳೆಂದು, ಚಪ್ಪಲಿ ಕಳೆದಳೆಂದು, ಕರೆದದ್ದು ಕೇಳಿಸಲಿಲ್ಲವೆಂದು ಅವರು ಬಡಿದರು. ಎಚ್ಚರಗೇಡಿ ಎನ್ನುವುದಕ್ಕೆ ನಮ್ಮಲ್ಲಿರುವ ಮಾತಿನಿಂದ 'ಖಬರಗೇಡಿ' ಎಂದು ಕರೆದರು, ಊರು ಅದನ್ನೇ ಅವಳ ಹೆಸರಾಗಿಸಿತು. ಹತ್ತನೆಯ ತರಗತಿಯ ಹಾಲ್‌ಟಿಕೆಟ್ಟನ್ನು ಬಸ್ಸಿನಲ್ಲಿ ಬಿಟ್ಟು ಬಂದಳು, ಅಷ್ಟಕ್ಕೇ ಶಾಲೆ ಬಿಡಿಸಿದರು. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ ಹುಡುಗಿ ಅವಳು.

ಇನ್ನು ಮೋದಿನಸಾಬರನ್ನೇ ನೋಡಿ. ಲಿಂಬೆಯ ವ್ಯಾಪಾರಕ್ಕೆ ಇಂಡಿಗೆ ಹೊರಟವರು, ಚಹಾದಂಗಡಿಯಲ್ಲಿ ಯಾರೋ ತಂಗಡಗಿ ಊರಿನ ಮಾತು ತೆಗೆದರೆಂದು, ಚೀಲವನ್ನು ಅಲ್ಲೇ ಬಿಟ್ಟು ಅತ್ತ ಹೋಗುವ ಮುದ್ದೇಬಿಹಾಳದ ಬಸ್ಸು ಹತ್ತಿಬಿಡುತ್ತಾರೆ. ಕುಳಿತಲ್ಲಿ ಕುಳಿತವರಲ್ಲ, ಹಿಡಿದದ್ದನ್ನು ಮುಗಿಸಿದವರಲ್ಲ. ಅವರಿಗೆ ಊರಿಟ್ಟ ಹೆಸರು ಮಾತ್ರ 'ಭಾಳ ಉಮೇದಿ ಮನಶ್ಯಾ'. ಬಿಟ್ಟ ಚೀಲ ಹುಡುಕಿ ತರಲು ಮನೆಯಲ್ಲಿ ಹೆಂಗಸರಿದ್ದರಲ್ಲ.

ಕಳೆದ ವರ್ಷ ಅಖ್ತರಬೇಗಂ ತನ್ನ ಮಗಳು ಇರಮಳನ್ನು ವಿಜಯಪುರದ ವೈದ್ಯೆಯೊಬ್ಬರಿಗೆ ತೋರಿಸಿದಳು. ಹುಡುಗಿಗೆ ಎಡಿಎಚ್‌ಡಿ, ಗಮನ ಒಂದೆಡೆ ನಿಲ್ಲದ ಹುಟ್ಟುಗುಣ, ಎಂದ ಆಕೆ ತಾಯಿಯನ್ನೂ ಪರೀಕ್ಷಿಸಿ, ನಿಮಗೂ ಅದೇ, ಮನೆತನದಲ್ಲಿ ಹರಿದು ಬರುವಂಥದು, ಸೊಕ್ಕೂ ಅಲ್ಲ ಸೋಮಾರಿತನವೂ ಅಲ್ಲ ಎಂದರಂತೆ. ಅವಳಿಗೆ ಸಮಾಧಾನವಾಗಿರಬೇಕೆಂದುಕೊಂಡೆ. ಇಲ್ಲ, ಸಿಟ್ಟು ಬಂದಿತ್ತು.

ಅದು ಹೊರಬಿದ್ದದ್ದು ಈ ಬೇಸಿಗೆಯಲ್ಲಿ, ಬಸವನ ಬಾಗೇವಾಡಿಯ ಅವರ ನೆಂಟರ ಮನೆಯಲ್ಲಿ. ಊಟಕ್ಕೆ ನಾನೂ ಇದ್ದೆ. ನೀರು ತರಲು ಹೋದ ಇರಮ ತಂಬಿಗೆ ಹಿಡಿದುಕೊಂಡೇ, ಗೋಡೆಯ ಮೇಲೆ ತಿರುಗುವ ಫ್ಯಾನಿನ ನೆರಳು ನೋಡುತ್ತ ನಿಂತುಬಿಟ್ಟಳು. ಖಬರಗೇಡಿಯ ಹೊಟ್ಟೆಯಲ್ಲಿ ಇನ್ನೊಂದು ಖಬರಗೇಡಿ, ಇದಕ್ಕೂ ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿರಿ ಎಂದರು ಮೋದಿನಸಾಬರು. ಅಖ್ತರಬೇಗಂ ಎದ್ದು ಬಂದು, ಅವರ ಮುಂದೆಯೇ ಸೆರಗಿನ ಗಂಟುಗಳನ್ನು ಬಿಚ್ಚತೊಡಗಿದಳು.

"ಇವು ಯಾತರ ಗಂಟೋ ನನಗ ನೆಪ್ಪಿಲ್ರಿ ಕಾಕಾ. ನೀವು ಬಡದದ್ದು ಅಷ್ಟೂ ನೆಪ್ಪೈತಿ. ನಿಮಗೂ ನನಗೂ ಇರೂದು ಒಂದೇ. ನಿಮಗ ಉಮೇದಿ ಅಂದ್ರು, ನನಗ ಖಬರಗೇಡಿ ಅಂದ್ರು. ನನ್ನ ಮಗಳು ಸಾಲಿ ಬಿಡೂದಿಲ್ಲ."

ಮೋದಿನಸಾಬರು ದಡಕ್ಕನೆ ಎದ್ದು ಹೊರಗೆ ನಡೆದರು, ಟೋಪಿಯನ್ನು ಅಲ್ಲೇ ಬಿಟ್ಟು. ರೂಢಿಯಂತೆ ಅವರ ಸೊಸೆ ಅದನ್ನೆತ್ತಿಕೊಂಡು ಹಿಂದೆ ಓಡಲು ಹೊರಟಳು. ಅಖ್ತರಬೇಗಂ ಅವಳ ಕೈ ಹಿಡಿದು ಕೂರಿಸಿದಳು.

ಇಂಥ ಹೆಂಗಸರು ಊರೂರಿಗೂ ಇದ್ದಾರೆ. ಅವರ ಮನೆಯ ಗಂಡಸು ಮರೆತದ್ದನ್ನು ಯಾರಾದರೂ ಹೊತ್ತು ತಂದುಕೊಡುತ್ತಾರೆ. ಈ ಹೆಂಗಸರು ಮರೆತದ್ದನ್ನು ಮಾತ್ರ ಊರೇ ನೆನಪಿಟ್ಟುಕೊಳ್ಳುತ್ತದೆ.